ನಂಬಿಕೆ ಆರಿಹೋಗುತ್ತಿದೆಯೇ ಎಂದು ಕೇಳಿದ ತಂಗಿಗೆ

ಪ್ರೀತಿಯ ತಂಗಿ,

ನೀನು ಬರೆದದ್ದನ್ನು ನಿಧಾನವಾಗಿ ಓದಿದೆ. ತುಮಕೂರಿನಲ್ಲಿ ಸಂಡೆ ಸ್ಕೂಲ್ ನಡೆಸುತ್ತಿದ್ದವಳು, ಕ್ವಾಯರ್‌ನಲ್ಲಿ ಹಾಡುತ್ತಿದ್ದವಳು ನೀನು. ನರ್ಸ್ ಕೆಲಸ ಸಿಕ್ಕಿ ಯಾರ್ಕ್‌ಶೈರಿಗೆ ಬಂದ ಮೇಲೆ ಹತ್ತಿರದ ಚರ್ಚಿಗೆ ಹೋದರೆ ಒಳಗೆ ಬೆರಳೆಣಿಕೆಯಷ್ಟು ವೃದ್ಧರು. ಹಾಡಿಗೆ ದನಿ ಏಳಲಿಲ್ಲ, ಯಾರೂ ಹೆಚ್ಚು ಮಾತನಾಡಿಸಲಿಲ್ಲ, ನಿನಗೆ ಅಳು ಬಂತು. ಅಂದಿನಿಂದ ಊರಿನ ಆರಾಧನೆಯನ್ನು ಮೊಬೈಲಿನಲ್ಲಿ ನೋಡಿ ಸುಮ್ಮನಾಗುತ್ತಿದ್ದೀಯ. ನನ್ನ ನಂಬಿಕೆ ಆರಿಹೋಗುತ್ತಿದೆಯೇ ಅಕ್ಕ ಎಂದು ಕೇಳಿದ್ದೀಯ. ವಾರ್ಡಿನಲ್ಲಿ ನಿನ್ನ ಕೈ ತಳ್ಳಿ ಬೈದ ಅಜ್ಜಿಯ ವಿಷಯವನ್ನೂ ಬರೆದಿದ್ದೀಯ. ರೋಗಿಗಳ ಬಳಿ ಯೇಸುವಿನ ಮಾತು ಎತ್ತಬಹುದೇ ಎಂಬುದು ಕೊನೆಯ ಪ್ರಶ್ನೆ. ನಾನೂ ತುಮಕೂರಿನವಳು, ಇದೇ ಕೆಲಸಕ್ಕೆ ಬಂದವಳು, ಇಲ್ಲಿಯೇ ತಲೆ ನರೆತಿದೆ.

ಆರಿಹೋಗುತ್ತಿಲ್ಲ, ತಂಗಿ. ಊರಿನಲ್ಲಿ ನಾವು ಕ್ರೈಸ್ತರೆಂದು ನಾವಾಗಿ ಹೇಳಿಕೊಳ್ಳಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಸುತ್ತಲಿನವರೇ ಹೇಳುತ್ತಿದ್ದರು. ಯುಗಾದಿಗೆ ಪಕ್ಕದ ಮನೆಯಿಂದ ಹೋಳಿಗೆ ಬಂದರೆ, ಕ್ರಿಸ್ಮಸ್ಸಿಗೆ ನಮ್ಮ ಮನೆಯಿಂದ ಕೇಕು, ಕರ್ಜಿಕಾಯಿ ಹೋಗುತ್ತಿತ್ತು. ಡಿಸೆಂಬರಿನ ಚಳಿಯಲ್ಲಿ ಕ್ಯಾರಲ್ ತಂಡ ಸರಿರಾತ್ರಿಯಲ್ಲಿ ಬಂದು ಬಾಗಿಲ ಮುಂದೆ ಹಾಡುತ್ತಿತ್ತು. ಒಂದು ಭಾನುವಾರ ಆರಾಧನೆ ತಪ್ಪಿಸಿದರೆ ಸಂಜೆಯೊಳಗೆ ಸಭಾಪಾಲಕರ ಮನೆಯಿಂದ ಫೋನ್ ಬರುತ್ತಿತ್ತು. ಅಷ್ಟು ಜನರ ಕೈ ನಮ್ಮನ್ನು ಎತ್ತಿ ಹಿಡಿದಿತ್ತು. ಇಲ್ಲಿ ಆ ಕೈಗಳಿಲ್ಲ. ನಿನ್ನ ಮುಖ ನೋಡಿ ಹಿಂದೂ ಎಂದುಕೊಂಡು ಪ್ರೀತಿಯಿಂದಲೇ ದೀಪಾವಳಿಯ ಶುಭಾಶಯ ಹೇಳುತ್ತಾರೆ. ಚರ್ಚಿಗೆ ಹೋದರೂ ಬಿಟ್ಟರೂ ಕೇಳುವವರಿಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಾವು ಕ್ರೈಸ್ತರೆಂದು ಬರೆಸಿದವರು ಶೇ. 46.2 ಮಾತ್ರ. ಹತ್ತು ವರ್ಷ ಮೊದಲು ಅದು ಶೇ. 59.3 ಇತ್ತು.

ಊರಿನವರ ಋಣ ದೊಡ್ಡದು, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಮತ್ತಾಯನನ್ನು ಯೇಸು ಕರೆದಾಗ ಅವನ ಬೆನ್ನಿಗೆ ಸಭೆಯೂ ಇರಲಿಲ್ಲ, ಕ್ವಾಯರೂ ಇರಲಿಲ್ಲ. ಎದ್ದು ಹೊರಟ, ಅಷ್ಟೇ. ನಿನ್ನನ್ನು ಆತನು ಈಗ ಹಾಗೆ ಕರೆಯುತ್ತಿದ್ದಾನೆ ಎಂದೇ ನಾನು ನಂಬುತ್ತೇನೆ.

ಯಾವ ಚರ್ಚು ಎಂಬ ಗೊಂದಲ ಬೇಡ. ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) 1947ರ ಸೆಪ್ಟೆಂಬರಿನಲ್ಲಿ ಹುಟ್ಟಿದ್ದೇ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಒಂದುಗೂಡಿ. ಹಾಗಾಗಿ ಇಲ್ಲಿ ಚರ್ಚ್ ಆಫ್ ಇಂಗ್ಲೆಂಡಿನವರೂ ಮೆಥಡಿಸ್ಟರೂ ನಿನಗೆ ತವರಿನ ಕಡೆಯವರೇ. ನಾನು ಮೆಥಡಿಸ್ಟ್ ಚಾಪೆಲ್ಲಿಗೆ ಹೋಗುತ್ತೇನೆ. ನಮ್ಮ ತುಮಕೂರು ಸೀಮೆಯಲ್ಲಿ ಸಭೆ ಕಟ್ಟಿದವರು ಇಂಗ್ಲೆಂಡಿನ ಮೆಥಡಿಸ್ಟರದ್ದೇ ಆದ ವೆಸ್ಲಿಯನ್ ಮಿಷನ್ನಿನವರು. 19ನೆಯ ಶತಮಾನದ ಮೊದಲರ್ಧದಲ್ಲಿಯೇ ಅವರು ಗುಬ್ಬಿಯಲ್ಲಿ ನೆಲೆನಿಂತಿದ್ದರು. ಅವರನ್ನು ಕಳುಹಿಸಲು ಹಣ ಕೂಡಿದ್ದು ಇಂಥ ಸಣ್ಣ ಚಾಪೆಲ್ಲುಗಳ ಕಾಣಿಕೆ ತಟ್ಟೆಯಲ್ಲಿ. ನೀನು ಕಂಡ ವೃದ್ಧರು ಆ ಕಾಣಿಕೆ ಕೊಟ್ಟವರ ಸಂತತಿ. ತಮ್ಮ ಮಕ್ಕಳು ಬರದಿದ್ದರೂ ಬಾಗಿಲು ಮುಚ್ಚಗೊಡದೆ ಕುಳಿತಿದ್ದಾರೆ. ಅವರ ಮೌನ ತಾತ್ಸಾರವಲ್ಲ, ಸಂಕೋಚ. ನಾಲ್ಕು ವಾರ ತಪ್ಪದೆ ಹೋಗಿ ನೋಡು: ಹೆಸರು ಕೇಳುತ್ತಾರೆ, ಆರಾಧನೆಯ ನಂತರದ ಚಹಾಕ್ಕೆ ನಿನ್ನನ್ನು ಕಾಯುತ್ತಾರೆ, ಆಮೇಲೆ ಸತ್ಯವೇದದ ಪಾಠ ಓದಲು ನಿನ್ನನ್ನೇ ಕರೆಯುತ್ತಾರೆ.

ಊರಿನ ಚರ್ಚಿನ ಸುಗ್ಗಿ ಹಬ್ಬ ನೆನಪಿದೆಯಲ್ಲ? ಕಾಂಪೌಂಡಿನಲ್ಲಿ ಹರಾಜು, ರಾಗಿ ಮೂಟೆ, ತೆಂಗಿನಕಾಯಿ, ಸಿಹಿಗುಂಬಳ, ಕಾಲು ಕಟ್ಟಿದ ನಾಟಿಕೋಳಿ, ಒಂದೊಂದಕ್ಕೂ ಬೆಲೆ ಏರಿಸುವವರ ಕೂಗು. ಇಲ್ಲಿಯೂ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಆ ಹಬ್ಬವಿದೆ. ಬೀನ್ಸ್ ಡಬ್ಬಿ, ಪಾಸ್ತಾ, ಚಹಾಪುಡಿ ತಂದು ಮುಂದೆ ಜೋಡಿಸುತ್ತಾರೆ. ನಮ್ಮ ಚಾಪೆಲ್ಲಿನಲ್ಲಿ ಅವೆಲ್ಲ ಮಾರನೆಯ ದಿನ ಫುಡ್ ಬ್ಯಾಂಕಿಗೆ, ಅಲ್ಲಿಂದ ಊಟಕ್ಕಿಲ್ಲದ ಮನೆಗಳಿಗೆ ಹೋಗುತ್ತವೆ. ಗದ್ದಲವಿಲ್ಲದ ಹಬ್ಬ, ಆದರೆ ಹಸಿದವರಿಗೆ ತಲುಪುವ ಹಬ್ಬ. ನನಗೆ ಅದರ ಮೇಲೆ ಬಹಳ ಗೌರವ.

ಇನ್ನು ವಾರ್ಡಿನ ಮಾತು. ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು ಇದು. ನೈಟ್ ಡ್ಯೂಟಿ ಮುಗಿಸಿ ಬಂದ ಒಂದು ಬೆಳಿಗ್ಗೆ ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯ ತೆಗೆದು ಓದು. ಜೀವಿತನಾಗಿ ಎದ್ದ ಕರ್ತನು ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರಿಗೆ ಉಣಬಡಿಸಿದ ಮೇಲೆ ಪೇತ್ರನಿಗೆ ಒಂದು ಮಾತು ಹೇಳುತ್ತಾನೆ. ಪ್ರಾಯದಲ್ಲಿ ನೀನೇ ನಡು ಕಟ್ಟಿಕೊಂಡು ಇಷ್ಟ ಬಂದಲ್ಲಿಗೆ ಹೋದೆ, ಮುಪ್ಪಿನಲ್ಲಿ ಕೈ ಚಾಚುವೆ, ಮತ್ತೊಬ್ಬನು ನಿನ್ನ ನಡು ಕಟ್ಟಿ ನಿನಗೆ ಇಷ್ಟವಿಲ್ಲದಲ್ಲಿಗೆ ಒಯ್ಯುವನು ಎಂದು. ಇದು ಪೇತ್ರನ ಮರಣದ ಕುರಿತು ಆಡಿದ ಮಾತೆಂದು ಸುವಾರ್ತೆಯೇ ತಿಳಿಸುತ್ತದೆ. ಆದರೆ ವೃದ್ಧರ ವಾರ್ಡಿಗೆ ಬಂದ ಮೇಲೆ ಆ ವಚನ ದಿನವೂ ನನ್ನ ಕಣ್ಣೆದುರು ನಡೆಯತೊಡಗಿತು. ಕಲ್ಲಿದ್ದಲು ಗಣಿಯಲ್ಲಿ ದುಡಿದಿದ್ದ ದೊಡ್ಡ ಆಳು, ಮಂಚದ ಅಂಚಿನಲ್ಲಿ ಕುಳಿತು, ಶರ್ಟು ತೊಡಿಸಿಕೊಳ್ಳಲು ಎರಡೂ ಕೈ ಮುಂದೆ ಚಾಚುತ್ತಾನೆ. ಗುಂಡಿ ಹಾಕುವಷ್ಟು ಹೊತ್ತೂ ನಾಚಿಕೆಯಿಂದ ಕಿಟಕಿಯ ಕಡೆ ಮುಖ ತಿರುಗಿಸಿರುತ್ತಾನೆ. ಹೆಬ್ಬೆರಳಿನ ಚರ್ಮದೊಳಗೆ ಗಣಿಯ ಗಾಯದ ನೀಲಿ ಗುರುತು ಇನ್ನೂ ಇದೆ. ಮನೆಗೆ ಕಳುಹಿಸಿ ಎಂದು ಹಟ ಹಿಡಿಯುತ್ತಾನೆ. ಅವನು ಹೊರಟಿರುವುದು ವೃದ್ಧರನ್ನು ನೋಡಿಕೊಳ್ಳುವ ಕೇರ್ ಹೋಮಿಗೆ. ಇಷ್ಟವಿಲ್ಲದಲ್ಲಿಗೆ ಒಯ್ಯುವ ಆ ಮತ್ತೊಬ್ಬರು ನಾನೇ ಆಗಿರುತ್ತೇನೆ. ಆ ಕೈ ಒರಟಾಗದಂತೆ ನೋಡಿಕೊಳ್ಳುವುದು, ಅವಸರವಿದ್ದರೂ ಅವನ ಮುಖ ಈ ಕಡೆ ತಿರುಗುವವರೆಗೆ ಕಾಯುವುದು, ಇದು ಪ್ರಾರ್ಥನೆಗಿಂತ ಕಡಿಮೆಯದೆಂದು ನನಗೆ ಅನ್ನಿಸಿಲ್ಲ.

ಆ ವಚನದ ಬೆನ್ನಿಗೇ ಯೇಸು ಪೇತ್ರನಿಗೆ, ನನ್ನನ್ನು ಹಿಂಬಾಲಿಸು ಎನ್ನುತ್ತಾನೆ. ಪೇತ್ರ ಹಿಂತಿರುಗಿ ಇನ್ನೊಬ್ಬ ಶಿಷ್ಯನನ್ನು ನೋಡಿ, ಇವನ ವಿಷಯ ಏನು ಎಂದು ಕೇಳುತ್ತಾನೆ. ಅದು ನಿನಗೇನು ಎಂಬುದು ಆತನ ಉತ್ತರ. ಊರಿನ ಸಭೆಗೂ ಇಲ್ಲಿನ ಸಭೆಗೂ ಹೋಲಿಸುತ್ತಾ ಕುಳಿತಾಗಲೆಲ್ಲ ಈ ಉತ್ತರ ನನ್ನನ್ನು ತಡೆದು ನಿಲ್ಲಿಸುತ್ತದೆ.

ಬೈದ ಅಜ್ಜಿಯ ಬಗ್ಗೆ: ವಾರ್ಡಿನ ಮೇಲ್ವಿಚಾರಕಿಗೆ ತಿಳಿಸು, ದಾಖಲು ಮಾಡಿಸು. ಕ್ಷಮಿಸುವುದಕ್ಕೂ ದೂರು ಕೊಡುವುದಕ್ಕೂ ವಿರೋಧವಿಲ್ಲ. ನಾಳೆ ಬರುವ ಇನ್ನೊಬ್ಬ ಹುಡುಗಿಗೂ ರಕ್ಷಣೆ ಬೇಕು. ದೂರು ಕೊಟ್ಟ ಮೇಲೆ ಆ ಅಜ್ಜಿಯ ಸರದಿ ನಿನಗೆ ಬಂದರೆ ಬೇರೆಯವರಿಗೆ ತೊಳೆಯುವಷ್ಟೇ ಚೆನ್ನಾಗಿ ಅವಳ ಕಾಲನ್ನೂ ತೊಳೆ. ಶಿಲುಬೆಗೆ ಹೋಗುವ ಮುನ್ನಿನ ಆ ಕೊನೆಯ ರಾತ್ರಿ ಯೇಸು ಯಾರ ಕಾಲು ತೊಳೆದನೋ ಆ ಶಿಷ್ಯರಲ್ಲಿ, ಆತನನ್ನು ಹಿಡಿದುಕೊಡಲಿದ್ದ ಯೂದನೂ ಇದ್ದ.

ರೋಗಿಗಳ ಬಳಿ ನೀನಾಗಿ ಧರ್ಮದ ಮಾತು ಎತ್ತಬೇಡ. ನಿನ್ನ ನೋಂದಣಿ ಇರುವ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ಲಿನ ನೀತಿಸಂಹಿತೆ, ವೈಯಕ್ತಿಕ ನಂಬಿಕೆಗಳನ್ನು ಅನುಚಿತವಾಗಿ ವ್ಯಕ್ತಪಡಿಸಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಅದು ನ್ಯಾಯವೂ ಹೌದು, ಹಾಸಿಗೆ ಹಿಡಿದವರು ಎದ್ದುಹೋಗಲಾರರು. ಅವರೇ ದೇವರ ಮಾತು ತೆಗೆದರೆ ಕೇಳಿಸಿಕೋ, ಆಸ್ಪತ್ರೆಯ ಧರ್ಮಗುರು ಚಾಪ್ಲಿನ್ ಅವರನ್ನು ಕರೆಸಲೇ ಎಂದು ಕೇಳು. ಚಾಪ್ಲಿನ್ ಇರುವುದು ನಿನ್ನಂಥ ಸಿಬ್ಬಂದಿಗೂ ಹೌದು, ಸಂಕೋಚಪಡದೆ ಹೋಗು.

ಮೊಬೈಲಿನ ಆರಾಧನೆಯನ್ನು ಬಿಡಬೇಕೆಂದಿಲ್ಲ. ಹಾಡಿನ ನಡುವೆ ಅಮ್ಮನ ದನಿ ಹುಡುಕುವ ಆಸೆ ನನಗೂ ಗೊತ್ತು. ಆದರೆ ಪರದೆಯ ಆಚೆಯಿಂದ ಕರ್ತನ ಭೋಜನದ ರೊಟ್ಟಿ ನಿನ್ನ ಅಂಗೈಗೆ ಬರುವುದಿಲ್ಲ. ಜ್ವರ ಬಂದು ಮಲಗಿದರೆ ಅಲ್ಲಿಂದ ಯಾರೂ ಸೂಪು ತರಲಾರರು. ದೊಡ್ಡ ಊರುಗಳ ಮಲಯಾಳಿ, ತಮಿಳು ಕೂಟಗಳಿಗೆ ಆಗಾಗ ಹೋಗು, ಮನಸ್ಸು ಹಗುರವಾಗುತ್ತದೆ. ಭಾನುವಾರ ಮಾತ್ರ ನಿನ್ನ ಬೀದಿಯ ಚರ್ಚಿಗೇ ಇರಲಿ.

ಹೊಸ ವರ್ಷದ ಶುರುವಿನಲ್ಲಿ ಮೆಥಡಿಸ್ಟರು ಒಡಂಬಡಿಕೆಯ ಆರಾಧನೆ ನಡೆಸುತ್ತಾರೆ. ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿ 1755ರಲ್ಲಿ ಆರಂಭಿಸಿದ್ದು. ನಾನು ಇನ್ನು ನನ್ನವಳಲ್ಲ, ನಿನ್ನವಳು, ಬೇಕಾದರೆ ಕೆಲಸಕ್ಕೆ ಹಚ್ಚು, ಬೇಡವಾದರೆ ಬದಿಗಿಡು ಎಂಬ ಅರ್ಥದ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಾಗಿ ಹೇಳುತ್ತಾರೆ. ಜನವರಿಯ ಮೊದಲ ಭಾನುವಾರಕ್ಕೆ ಈಗಲೇ ರಜೆ ಕೇಳಿಡು, ರೋಟಾ (ಡ್ಯೂಟಿ ಪಟ್ಟಿ) ಹಾಕಿದ ಮೇಲೆ ಕೇಳಿದರೆ ಸಿಗುವುದಿಲ್ಲ. ಸಿಕ್ಕರೆ ನಮ್ಮ ಚಾಪೆಲ್ಲಿಗೇ ಬಾ. ಸ್ಟೇಷನ್ನಿಗೆ ನಿಮ್ಮ ಭಾವ ಕಾರು ತರುತ್ತಾರೆ. ಮಧ್ಯಾಹ್ನಕ್ಕೆ ಮುದ್ದೆ, ಬಸ್ಸಾರು ಮಾಡುತ್ತೇನೆ.