ಫ್ಯೂಚರ್ಸ್‌ಗೆ ಇಳಿಯೋ ಮುಂಚೆ ಲಾಟ್ ಲೆಕ್ಕ ಕಲಿಯಿರಿ

ಪ್ರಶ್ನೆ: ದಾವಣಗೆರೆಯಲ್ಲಿ ಚಿಕ್ಕ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದೇನೆ. ಷೇರು ಕೊಂಡು ಮಾರಿ ಸ್ವಲ್ಪ ಅಭ್ಯಾಸ ಇದೆ. ಎಂಸಿಎಕ್ಸ್ ಅನ್ನೋ ಸರಕು ಎಕ್ಸ್‌ಚೇಂಜ್‌ನಲ್ಲಿ ಕಚ್ಚಾ ತೈಲದ ವಹಿವಾಟು ರಾತ್ರಿ 11.30ರವರೆಗೂ ಇರುತ್ತೆ, ಅಂಗಡಿ ಮುಚ್ಚಿದ ಮೇಲೆ ಆರಾಮಾಗಿ ಮಾಡಬಹುದು ಅಂತ ಗೆಳೆಯ ಹೇಳುತ್ತಿದ್ದಾನೆ. ಕೈಯಲ್ಲಿ ₹1 ಲಕ್ಷ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಲಾಟ್ ಲೆಕ್ಕ ಕಲಿಯಿರಿ. ಚಾರ್ಟ್ ಆಮೇಲೆ ನೋಡಿದರಾಯಿತು.

ಷೇರಿನಲ್ಲಿ ಒಂದೇ ಒಂದು ಷೇರು ಕೊಳ್ಳಬಹುದು. ಎಂಸಿಎಕ್ಸ್‌ನ ತೈಲ ಫ್ಯೂಚರ್ಸ್, ಅಂದರೆ ಮುಂದಿನ ಒಂದು ದಿನಕ್ಕೆ ಇವತ್ತೇ ಬೆಲೆ ಗೊತ್ತುಮಾಡಿಕೊಳ್ಳುವ ಕಾಂಟ್ರಾಕ್ಟ್. ಅದರಲ್ಲಿ ಹಾಗಿಲ್ಲ, ಲಾಟ್ ಅನ್ನೋ ನಿಗದಿತ ಅಳತೆಯಲ್ಲೇ ಕೊಳ್ಳಬೇಕು. ಎಂಸಿಎಕ್ಸ್‌ನಲ್ಲಿ ಕಚ್ಚಾ ತೈಲದ ದೊಡ್ಡ ಲಾಟ್ ಅಂದರೆ 100 ಬ್ಯಾರೆಲ್. ಮಿನಿ ಲಾಟ್ 10 ಬ್ಯಾರೆಲ್. ಬೆಲೆ ₹6,000 ಇದೆ ಅಂತ ಇಟ್ಟುಕೊಳ್ಳಿ. ದೊಡ್ಡ ಲಾಟ್ ಒಂದು ಕೊಂಡರೆ ನೀವು ₹6 ಲಕ್ಷದ ಮಾಲಿಗೆ ಕೈ ಹಾಕಿದ ಹಾಗೆ. ಬ್ರೋಕರ್ ಭದ್ರತೆಗೆ ಕೇಳುವ ಹಣ, ಅಂದರೆ ಮಾರ್ಜಿನ್, ಅದರಲ್ಲಿ ಒಂದು ಭಾಗ ಮಾತ್ರ. ಆದರೆ ಲಾಭ ನಷ್ಟ ಎಣಿಸೋದು ಪೂರ್ತಿ ₹6 ಲಕ್ಷದ ಮೇಲೆ. ಒಂದೇ ರಾತ್ರಿ ಬೆಲೆ ₹200 ಇಳಿದರೆ ₹20,000 ಹೋಯಿತು. ನಿಮ್ಮ ಬಂಡವಾಳದ ಐದರಲ್ಲಿ ಒಂದು ಪಾಲು. ತೈಲಕ್ಕೆ ₹200 ಇಳಿಯೋದು ಅಪರೂಪವೇನಲ್ಲ. ಅದೇ ಮಿನಿ ಲಾಟ್ ಆಗಿದ್ದರೆ ನಷ್ಟ ₹2,000.

ಮಾರ್ಜಿನ್ ಅಂದರೆ ಸೈಟಿಗೆ ಕೊಡುವ ಅಡ್ವಾನ್ಸ್ ಇದ್ದ ಹಾಗೆ ಅಂತ ತುಂಬಾ ಜನ ತಿಳಿದಿದ್ದಾರೆ. ವ್ಯವಹಾರ ಕೆಟ್ಟರೆ ಅಡ್ವಾನ್ಸ್ ಬಿಟ್ಟು ಬಂದರಾಯಿತು ಅನ್ನೋ ಧೈರ್ಯ. ಇಲ್ಲಿ ಆ ಧೈರ್ಯಕ್ಕೆ ಜಾಗ ಇಲ್ಲ. ಅವತ್ತಿನ ನಷ್ಟವನ್ನು ಅವತ್ತೇ ಲೆಕ್ಕ ಹಾಕಿ ನಿಮ್ಮ ಖಾತೆಯಿಂದ ಕಳೆಯುತ್ತಾರೆ. ಇದಕ್ಕೆ ಎಂಟಿಎಂ ಅಂತಾರೆ. ದುಡ್ಡು ಕಡಿಮೆ ಬಿದ್ದರೆ ಮತ್ತೆ ತುಂಬಬೇಕು. ತುಂಬದಿದ್ದರೆ ಬ್ರೋಕರ್ ನಿಮ್ಮ ಪೊಸಿಷನ್ (ಇನ್ನೂ ಮುಗಿಯದ ನಿಮ್ಮ ವಹಿವಾಟು) ಮುಗಿಸಿಬಿಡುತ್ತಾರೆ. ನಷ್ಟ ನೀವಿಟ್ಟ ದುಡ್ಡನ್ನೂ ದಾಟಿದ್ದರೆ ಉಳಿದದ್ದನ್ನು ನೀವೇ ಕಟ್ಟಬೇಕು.

ಇದು ಎಲ್ಲಿವರೆಗೆ ಹೋಗಬಹುದು ಅಂತ 2020ರ ಏಪ್ರಿಲ್ 20 ತೋರಿಸಿತು. ಲಾಕ್‌ಡೌನ್ ಕಾರಣಕ್ಕೆ ಎಂಸಿಎಕ್ಸ್ ಆಗ ಸಂಜೆ 5ಕ್ಕೇ ಮುಚ್ಚುತ್ತಿತ್ತು. ಏಪ್ರಿಲ್ ತಿಂಗಳ ತೈಲದ ಕಾಂಟ್ರಾಕ್ಟಿಗೆ ಅವತ್ತೇ ಕೊನೆ ದಿನ. ಬಾಗಿಲು ಹಾಕುವಾಗ ಬೆಲೆ ಬ್ಯಾರೆಲ್‌ಗೆ ₹965 ಆಸುಪಾಸು. ಇನ್ನೆಷ್ಟು ಇಳಿಯುತ್ತೆ ಅಂತ ಕೊಂಡು ಇಟ್ಟುಕೊಂಡವರಿದ್ದರು. ಅಮೆರಿಕದಲ್ಲಿ ಕೊಳ್ಳುವವರಿಲ್ಲ, ತೈಲ ತುಂಬಿಡಲು ಜಾಗವೂ ಇಲ್ಲ. ನಮ್ಮಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಅಲ್ಲಿನ ಬೆಲೆ ಸೊನ್ನೆಗಿಂತ ಕೆಳಗೆ ಹೋಗಿ ಮೈನಸ್ 37.63 ಡಾಲರ್‌ಗೆ ನಿಂತಿತು. ಎಂಸಿಎಕ್ಸ್‌ನ ತೈಲ ನಗದಿನಲ್ಲಿ ಚುಕ್ತಾ ಆಗುತ್ತೆ. ಅದು ಅಮೆರಿಕದ ಬೆಲೆಯನ್ನೇ ರೂಪಾಯಿಗೆ ತಿರುಗಿಸಿ. ಹಾಗಾಗಿ ಇಲ್ಲಿನ ಕೊನೆ ಬೆಲೆ ಮೈನಸ್ ₹2,884 ಆಯಿತು. ₹965ಕ್ಕೆ ಒಂದೇ ಲಾಟ್ ಕೊಂಡವರಿಗೆ ಬ್ಯಾರೆಲ್‌ಗೆ ₹3,849 ನಷ್ಟ. 100 ಬ್ಯಾರೆಲ್‌ಗೆ ₹3,84,900! ಮಾಲಿನ ಒಟ್ಟು ಬೆಲೆಯೇ ₹96,500 ಇದ್ದದ್ದು, ನೆನಪಿರಲಿ. ಮಾರೋಣ ಅಂದರೆ ಎಕ್ಸ್‌ಚೇಂಜ್ ಮುಚ್ಚಿತ್ತು. ಸ್ಟಾಪ್‌ಲಾಸ್ (ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡಿ ಅನ್ನೋ ಆರ್ಡರ್) ಹಾಕಿದ್ದರೂ ಕೆಲಸಕ್ಕೆ ಬರುತ್ತಿರಲಿಲ್ಲ.

ಬೆಲೆ ಮೈನಸ್‌ಗೆ ಹೋಗೋದು ದಿನಾ ನಡೆಯಲ್ಲ. ಆದರೆ ನಮ್ಮ ಎಕ್ಸ್‌ಚೇಂಜ್ ಮುಚ್ಚಿದ ಮೇಲೂ ಹೊರದೇಶದಲ್ಲಿ ವಹಿವಾಟು ನಡೆಯೋದು ದಿನಾ ಇದ್ದದ್ದೇ. ನೀವು ರಾತ್ರಿ ಮಲಗಿದಾಗ ಇದ್ದ ಬೆಲೆ ಬೆಳಿಗ್ಗೆ 9ಕ್ಕೆ ಇರಲ್ಲ. ಸೋಮವಾರ ಬೆಳಿಗ್ಗೆ ಇನ್ನೂ ಜಾಸ್ತಿ ಏರುಪೇರು. ಬುಧವಾರ ಸಾಮಾನ್ಯವಾಗಿ ಅಮೆರಿಕ ತನ್ನ ತೈಲ ದಾಸ್ತಾನಿನ ಅಂಕಿ ಕೊಡುತ್ತೆ. ನಮ್ಮಲ್ಲಿ ಆಗ ರಾತ್ರಿ 8 ಗಂಟೆ, ಚಳಿಗಾಲದಲ್ಲಿ 9. ಆ ಕೆಲವು ನಿಮಿಷ ಬೆಲೆ ಎತ್ತ ಹಾರುತ್ತೆ ಹೇಳೋಕೆ ಬರಲ್ಲ. ಹೊಸಬರು ಆ ಹೊತ್ತಿನಲ್ಲಿ ಸುಮ್ನೆ ನೋಡೋದು ವಾಸಿ. ಬಿಡುವಿನ ಹೊತ್ತಿನಲ್ಲಿ ಆರಾಮಾಗಿ ಮಾಡುವ ಕೆಲಸ ಇದು ಅಂತ ನನಗೆ ಅನಿಸಿಲ್ಲ.

ಆದರೂ ಕಲಿಯಬೇಕು ಅಂತಿದ್ದರೆ ಹೀಗೆ ಮಾಡಿ. ಎಂಸಿಎಕ್ಸ್ ವೆಬ್‌ಸೈಟಿನಲ್ಲಿ ಪ್ರತಿ ಸರಕಿನ ಕಾಂಟ್ರಾಕ್ಟ್ ವಿವರ ಇರುತ್ತೆ. ಅದನ್ನು ತೆಗೆದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: ಲಾಟ್ ಎಷ್ಟು, ಬೆಲೆ ಯಾವ ಅಳತೆಗೆ, ಎಕ್ಸ್‌ಪೈರಿ (ಕಾಂಟ್ರಾಕ್ಟಿನ ಕೊನೆ ದಿನ) ಯಾವತ್ತು, ಕೊನೆಗೆ ಮಾಲು ಬರುತ್ತೋ ನಗದೋ. ಆಮೇಲೆ ಬೆಲೆ ₹1 ಬದಲಾದರೆ ನಿಮಗೆಷ್ಟು ಅಂತ ನೀವೇ ಲೆಕ್ಕ ಹಾಕಿ. ಚಿನ್ನದ ದೊಡ್ಡ ಲಾಟ್ 1 ಕೆ.ಜಿ., ಬೆಲೆ ತೋರಿಸೋದು 10 ಗ್ರಾಂಗೆ. ಹಾಗಾಗಿ ₹1ಕ್ಕೆ ₹100. ಬೆಳ್ಳಿ 30 ಕೆ.ಜಿ., ಬೆಲೆ ಕೆ.ಜಿ.ಗೆ. ₹1ಕ್ಕೆ ₹30. ಹೊಸಬರು ಎಡವೋದು ನ್ಯಾಚುರಲ್ ಗ್ಯಾಸ್‌ನಲ್ಲಿ. ಬೆಲೆ ಬರೀ ಮೂರಂಕಿಯಲ್ಲಿ ಕಾಣುತ್ತೆ, ಅಗ್ಗ ಅನಿಸುತ್ತೆ. ಲಾಟ್ ನೋಡಿದರೆ 1,250 ಯೂನಿಟ್. ₹10 ಅತ್ತಿತ್ತ ಆದರೆ ₹12,500.

ಒಂದೆರಡು ತಿಂಗಳು ದುಡ್ಡು ಹಾಕದೆ ನೋಟ್‌ಬುಕ್ಕಿನಲ್ಲೇ ವಹಿವಾಟು ಮಾಡಿ. ಯಾವ ಬೆಲೆಗೆ ಕೊಂಡೆ, ದಿನದ ಕೊನೆಗೆ ಎಂಟಿಎಂ ಎಷ್ಟು, ಎಲ್ಲ ಬರೆಯಿರಿ. ಜೊತೆಗೆ ಎನ್‌ಐಎಸ್‌ಎಂ ಸಂಸ್ಥೆಯ ಕಮಾಡಿಟಿ ಡೆರಿವೇಟಿವ್ಸ್ ಪರೀಕ್ಷೆಯ ಪಠ್ಯ ಓದಿ. ಪರೀಕ್ಷೆ ಬರೆಯಲೇಬೇಕು ಅಂತೇನಿಲ್ಲ.

ನಿಜವಾದ ದುಡ್ಡು ಹಾಕುವಾಗ ತೈಲ ಬಿಟ್ಟು ಚಿನ್ನದ ಚಿಕ್ಕ ಕಾಂಟ್ರಾಕ್ಟ್ ಆದ ಗೋಲ್ಡ್ ಪೆಟಲ್‌ನಿಂದ ಶುರು ಮಾಡಿ ಅನ್ನೋದು ನನ್ನ ಸಲಹೆ. ಲಾಟ್ 1 ಗ್ರಾಂ. ₹1 ಬದಲಾದರೆ ₹1. ಮಾರ್ಜಿನ್, ಎಂಟಿಎಂ, ಎಕ್ಸ್‌ಪೈರಿ ಎಲ್ಲವೂ ಅದರಲ್ಲೂ ಇದೆ. ಚಿನ್ನಕ್ಕೆ ಡೆಲಿವರಿ ಕಡ್ಡಾಯ, ಅಂದರೆ ಕೊನೆಗೆ ನಗದಲ್ಲ, ಮಾಲನ್ನೇ ಕೊಡಬೇಕು ಇಲ್ಲವೇ ತಗೋಬೇಕು. ಆದ್ದರಿಂದ ಎಕ್ಸ್‌ಪೈರಿ ಹತ್ತಿರ ಬರುವ ಮುಂಚೆಯೇ ಪೊಸಿಷನ್ ಮುಗಿಸಿ.

ಇನ್ನೊಂದು ಮಾತು. ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್ ಬಗ್ಗೆ ಮಾರುಕಟ್ಟೆ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ಅಧ್ಯಯನ ವರದಿ ಕೊಟ್ಟಿತು. ಮೂರು ವರ್ಷದಲ್ಲಿ 100ಕ್ಕೆ 93 ಜನ ಸಣ್ಣ ವಹಿವಾಟುದಾರರು ನಷ್ಟದಲ್ಲಿದ್ದರು. ಅದು ಷೇರಿನ ಲೆಕ್ಕ, ಸರಕಿನದಲ್ಲ. ಆದರೆ ಕಡಿಮೆ ದುಡ್ಡಿಟ್ಟು ದೊಡ್ಡ ಮೊತ್ತಕ್ಕೆ ಕೈ ಹಾಕೋದು ಎರಡೂ ಕಡೆ ಒಂದೇ ಅಲ್ವಾ? ಅಂಗಡಿಗೆ ಮಾಲು ತರಬೇಕಾದ ದುಡ್ಡನ್ನು ಇದಕ್ಕೆ ಹಾಕಬೇಡಿ.

ಪ್ರಶ್ನೆ: ಗುಂಡ್ಲುಪೇಟೆ ಹತ್ತಿರ ಅರಿಶಿನ ಬೆಳೆಯುತ್ತೇವೆ. ಸುಮಾರು 100 ಕ್ವಿಂಟಲ್ ಬರುತ್ತೆ. ಒಳ್ಳೆ ರೇಟ್ ಇದ್ದಾಗಲೇ ಫ್ಯೂಚರ್ಸ್‌ನಲ್ಲಿ ಮಾರಿಟ್ಟರೆ ಕೊಯ್ಲಿನ ಹೊತ್ತಿಗೆ ಬೆಲೆ ಬಿದ್ದರೂ ಭಯ ಇಲ್ಲ ಅಂತಾರೆ. ನಿಜವೇ?

ಉತ್ತರ: ನಿಜ. ಫ್ಯೂಚರ್ಸ್ ಹುಟ್ಟಿದ್ದೇ ಇದಕ್ಕೆ. ಕೃಷಿ ಸರಕಿನ ಎಕ್ಸ್‌ಚೇಂಜ್ ಎನ್‌ಸಿಡಿಇಎಕ್ಸ್‌ನಲ್ಲಿ ಅರಿಶಿನದ ಒಂದು ಲಾಟ್ 5 ಟನ್, ಅಂದರೆ 50 ಕ್ವಿಂಟಲ್. ನಿಮ್ಮ ಬೆಳೆಗೆ ಎರಡು ಲಾಟ್. ಕ್ವಿಂಟಲ್‌ಗೆ ₹14,000ದಂತೆ ಮಾರಿಟ್ಟಿರಿ ಅಂದುಕೊಳ್ಳಿ. ಕೊಯ್ಲಿಗೆ ಬೆಲೆ ₹12,000ಕ್ಕೆ ಬಿದ್ದರೆ ಫ್ಯೂಚರ್ಸ್‌ನಲ್ಲಿ ಮಾರಿದ್ದನ್ನು ಆ ಕಡಿಮೆ ಬೆಲೆಗೆ ಮತ್ತೆ ಕೊಂಡು ಮುಗಿಸುತ್ತೀರಿ, ಮಂಡಿಯಲ್ಲಿ ಹೋದ ₹2,000 ಅಲ್ಲಿ ವಾಪಸ್ ಬರುತ್ತೆ.

ಎರಡು ತೊಡಕು ಇವೆ. ಒಂದು, ಎಕ್ಸ್‌ಚೇಂಜ್ ಬೆಲೆ ನಿಜಾಮಾಬಾದ್ ಮಾರುಕಟ್ಟೆಯನ್ನು ಹಿಡಿದು ಇರುತ್ತೆ. ನಿಮ್ಮ ಕಡೆ ಮಾಲು ಈರೋಡಿಗೆ ಹೋಗೋದೇ ಜಾಸ್ತಿ. ಎರಡೂ ಕಡೆ ಬೆಲೆ ಒಂದೇ ಸಮ ಏರಿಳಿಯಲ್ಲ. ಹಿಂದಿನ ಎರಡು ಮೂರು ವರ್ಷ ಈ ಎರಡರ ನಡುವೆ ಎಷ್ಟು ಅಂತರ ಇತ್ತು ಅಂತ ಮೊದಲು ನೋಡಿ.

ಎರಡನೇದು ಇದಕ್ಕಿಂತ ದೊಡ್ಡದು. ಬೆಲೆ ₹17,000ಕ್ಕೆ ಏರಿತು ಅನ್ನಿ. ಹೊಲದಲ್ಲಿರೋ ಬೆಳೆಗೆ ಬೆಲೆ ಬಂತು ನಿಜ, ಆದರೆ ಆ ದುಡ್ಡು ಕೈಗೆ ಬರೋದು ಮಾರಿದ ಮೇಲೆ. ಫ್ಯೂಚರ್ಸ್‌ನಲ್ಲಿ ಎರಡು ಲಾಟ್‌ಗೆ ಆದ ₹3 ಲಕ್ಷ ನಷ್ಟವನ್ನು ಮಾತ್ರ ದಿನದಿನಕ್ಕೆ ಈಗಲೇ ಕಟ್ಟಬೇಕು. ಅದಕ್ಕೆ ದುಡ್ಡು ಹೊಂದಿಸಲಾಗದೆ ಮಧ್ಯದಲ್ಲೇ ಕೈಬಿಟ್ಟರೆ, ಆಮೇಲೆ ಬೆಲೆ ಬಿದ್ದಾಗ ಎರಡೂ ಕಡೆ ಪೆಟ್ಟು. ಹಾಗಾಗಿ ಪೂರ್ತಿ ಬೆಳೆಗೆ ಮಾರಬೇಡಿ. ಮೊದಲ ವರ್ಷ ಒಂದೇ ಲಾಟ್ ಸಾಕು. ಊರಲ್ಲಿ ರೈತ ಉತ್ಪಾದಕ ಕಂಪನಿ ಇದ್ದರೆ ಅದರ ಮೂಲಕ ಮಾಡಲು ಆಗುತ್ತಾ ವಿಚಾರಿಸಿ. ಎಂಟಿಎಂ ಭಾರ ಒಬ್ಬರ ತಲೆ ಮೇಲೆ ಬೀಳಲ್ಲ.

ಸರ್ಕಾರದ ಕಡೆಯಿಂದಲೂ ಅಡ್ಡಿ ಬರಬಹುದು. 2021ರ ಡಿಸೆಂಬರ್‌ನಲ್ಲಿ ಕಡಲೆ, ಗೋಧಿ, ಭತ್ತ, ಹೆಸರು, ಸೋಯಾ, ಸಾಸಿವೆ, ತಾಳೆ ಎಣ್ಣೆಯ ಫ್ಯೂಚರ್ಸ್ ಅನ್ನು ಸೆಬಿ ನಿಲ್ಲಿಸಿತು. ನಿಷೇಧ ಮತ್ತೆ ಮತ್ತೆ ಮುಂದುವರಿಯಿತು. ಅರಿಶಿನ ಆ ಪಟ್ಟಿಯಲ್ಲಿ ಇರಲಿಲ್ಲ.

ಪ್ರಶ್ನೆ: ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಆ್ಯಪ್ ಕೊಟ್ಟಿದ್ದಾರೆ. ಪ್ಯಾನ್ ಬೇಡ, ₹5,000ಕ್ಕೆ ಚಿನ್ನದ ದೊಡ್ಡ ಲಾಟ್ ಕೊಡುತ್ತಾರೆ, ತೆರಿಗೆ ಇಲ್ಲ ಅಂತಾರೆ. ನಂಬಬಹುದಾ?

ಉತ್ತರ: ಬೇಡ. ಇದು ಡಬ್ಬಾ ಟ್ರೇಡಿಂಗ್. ನಿಮ್ಮ ಆರ್ಡರ್ ಎಕ್ಸ್‌ಚೇಂಜಿಗೆ ಹೋಗೋದೇ ಇಲ್ಲ. ನೀವು ಸೋತ ದುಡ್ಡು ಆ ವ್ಯಕ್ತಿಯ ಜೇಬಿಗೆ, ನೀವು ಗೆದ್ದರೆ ಆ್ಯಪ್ ಬಂದ್. ಕಾನೂನಿನ ಪ್ರಕಾರ ಅಪರಾಧ ಕೂಡ. ಸರಿಯಾದ ಬ್ರೋಕರ್ ಹತ್ತಿರ ಪ್ಯಾನ್ ಇಲ್ಲದೆ ಖಾತೆ ತೆರೆಯಲ್ಲ. ವಹಿವಾಟಿನ ನಂತರ ಕಾಂಟ್ರಾಕ್ಟ್ ನೋಟ್ ಬರುತ್ತೆ, ಎಕ್ಸ್‌ಚೇಂಜ್‌ನಿಂದಲೂ ಎಸ್‌ಎಂಎಸ್ ಬರುತ್ತೆ. ಬ್ರೋಕರ್ ನೋಂದಣಿ ಇದೆಯಾ ಅಂತ ಸೆಬಿ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ಈಗಾಗಲೇ ದುಡ್ಡು ಕಳಿಸಿದ್ದರೆ ಇವತ್ತೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಹೋದ ಖಾತೆ ನಂಬರ್, ಯುಪಿಐ ವಹಿವಾಟಿನ ನಂಬರ್, ಗುಂಪಿನ ಸ್ಕ್ರೀನ್‌ಶಾಟ್ ಎಲ್ಲ ಕೈಯಲ್ಲಿರಲಿ. ಎಷ್ಟು ಬೇಗ ಹೇಳುತ್ತೀರೋ ಆ ಖಾತೆಯಲ್ಲಿ ದುಡ್ಡು ತಡೆಯೋಕೆ ಅಷ್ಟು ಅವಕಾಶ ಜಾಸ್ತಿ.