ಸಭೆ ಎತ್ತಲ್ಪಡುವುದು ಮಹಾಸಂಕಟಕ್ಕೆ ಮೊದಲೋ, ಆಮೇಲೋ?

ಕ್ರೈಸ್ತರಲ್ಲೇ ಇದಕ್ಕೆ ಒಂದು ಉತ್ತರವಿಲ್ಲ. ಯೇಸು ಮತ್ತೆ ಬರುವಾಗ ವಿಶ್ವಾಸಿಗಳು ಮೇಘಗಳಲ್ಲಿ ಒಯ್ಯಲ್ಪಡುತ್ತಾರೆ ಎಂದು ಅಪೊಸ್ತಲ ಪೌಲನು ಬೈಬಲಿನ 1 ಥೆಸಲೋನಿಕ 4:17ರಲ್ಲಿ ಬರೆದಿದ್ದಾನೆ. ಸಭೆ, ಅಂದರೆ ವಿಶ್ವಾಸಿಗಳ ಸಮೂಹ, ಎತ್ತಲ್ಪಡುವುದು ಎಂದರೆ ಇದೇ. ಯಾವಾಗ ಎನ್ನುವುದರಲ್ಲೇ ಭಿನ್ನಾಭಿಪ್ರಾಯ. ಮಹಾಸಂಕಟ, ಅಂದರೆ ಅಂತ್ಯಕಾಲದಲ್ಲಿ ಬರುತ್ತದೆ ಎಂದು ನಂಬುವ ಏಳು ವರ್ಷದ ಸಂಕಟಕ್ಕೆ ಮೊದಲೇ ಎನ್ನುವವರು ಬ್ರದರನ್, ಪೆಂಟೆಕೋಸ್ಟ್ ಸಭೆಗಳಲ್ಲಿ ಜಾಸ್ತಿ. 1830ರ ದಶಕದಿಂದ ಇದನ್ನು ಹರಡಿದವರು ಬ್ರದರನ್ ಬೋಧಕ ಜಾನ್ ನೆಲ್ಸನ್ ಡಾರ್ಬಿ. ನಡುವೆ ಎನ್ನುವವರೂ ಇದ್ದಾರೆ. ಸಂಕಟದ ನಂತರ ಎನ್ನುವವರು ಮತ್ತಾಯ 24:29-31 ತೋರಿಸುತ್ತಾರೆ. ಸಂಕಟ ಮುಗಿದ ಮೇಲೆಯೇ ದೇವದೂತರು ಆಯ್ದುಕೊಂಡವರನ್ನು ಕೂಡಿಸುತ್ತಾರೆ ಅಂತ ಅಲ್ಲಿ ನೇರವಾಗಿದೆ, ಅಲ್ವಾ? ನನಗೆ ಈ ವಾದವೇ ಗಟ್ಟಿ ಅನಿಸುತ್ತದೆ. ಕ್ಯಾಥೊಲಿಕ್, ಆರ್ಥೊಡಾಕ್ಸ್ ಸಭೆಗಳು ಸಭೆ ಎತ್ತಲ್ಪಡುವುದನ್ನು ಯೇಸುವಿನ ಎರಡನೇ ಬರೋಣದಿಂದ ಬೇರೆ ಮಾಡುವುದೇ ಇಲ್ಲ.

ತಾರೀಖು ಹೇಳುವವರನ್ನು ಮಾತ್ರ ದಯವಿಟ್ಟು ನಂಬಬೇಡಿ. ಆ ದಿನ ತಂದೆಗೊಬ್ಬನಿಗೇ ಗೊತ್ತು ಎಂದು ಯೇಸುವೇ ಹೇಳಿದ್ದಾನೆ. ಅಮೆರಿಕದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದಿದ್ದರು, ಏನೂ ಆಗಲಿಲ್ಲ.