ಗಾಲಿಕುರ್ಚಿಗೆ ಎಷ್ಟು ಲೀಟರಿನ ಡಿಕ್ಕಿ ಬೇಕು?

ಪ್ರಶ್ನೆ: ನಮ್ಮದು ಐವರ ಕುಟುಂಬ. ಪಾರ್ಶ್ವವಾಯುವಿನಿಂದ ಬಳಲುತ್ತಿರುವ ತಾಯಿಯವರನ್ನು ಪ್ರತಿ ತಿಂಗಳೂ ಹಾಸನದಿಂದ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಅವರ ಮಡಚುವ ಗಾಲಿಕುರ್ಚಿಯ ಜೊತೆಗೆ ಎರಡು ಬ್ಯಾಗುಗಳೂ ಇರುತ್ತವೆ. ನಾಲ್ಕು ಮೀಟರಿನೊಳಗಿನ ಎಸ್‌ಯುವಿ ಕೊಳ್ಳುವ ಯೋಚನೆಯಿದೆ. ಕಂಪನಿಗಳು ಹೇಳುವ ಲೀಟರ್ ಲೆಕ್ಕವನ್ನು ನಂಬಿ ಆರಿಸಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಲೀಟರ್ ಲೆಕ್ಕವನ್ನಷ್ಟೇ ನಂಬಿ ಮುಂಗಡ ಕೊಡಬೇಡಿ. ಡಿಕ್ಕಿಯನ್ನು ಅಳೆಯುವ ಐಎಸ್‌ಒ 3832 ಎಂಬ ಮಾನಕದಲ್ಲಿ 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರದ, ಅಂದರೆ ಸರಿಯಾಗಿ ಒಂದು ಲೀಟರ್ ಗಾತ್ರದ ತುಂಡುಗಳನ್ನು ಜೋಡಿಸಿ, ಎಷ್ಟು ಹಿಡಿಸುತ್ತವೆ ಎಂದು ಎಣಿಸಲಾಗುತ್ತದೆ. ಇಷ್ಟು ಚಿಕ್ಕ ತುಂಡುಗಳು ಚಕ್ರದ ಉಬ್ಬಿನ ಪಕ್ಕದ ಸಂದುಗಳಿಗೂ ಮೂಲೆಗಳಿಗೂ ನುಗ್ಗಿ ಲೆಕ್ಕಕ್ಕೆ ಸೇರುತ್ತವೆ; ನಿಮ್ಮ ತಾಯಿಯವರ ಗಾಲಿಕುರ್ಚಿಗೆ ಆ ಮೂಲೆಗಳಿಂದ ಯಾವ ಪ್ರಯೋಜನವೂ ಇಲ್ಲ. ಇದಲ್ಲದೆ, ಅಳತೆ ಎಲ್ಲಿಯವರೆಗೆ ಎಂಬ ಪ್ರಶ್ನೆಯೂ ಇದೆ. ಮಹೀಂದ್ರ ಎಕ್ಸ್‌ಯುವಿ 3ಎಕ್ಸ್‌ಒ ಕಾರಿನ ಡಿಕ್ಕಿ ಪಾರ್ಸೆಲ್ ಟ್ರೇವರೆಗೆ (ಹಿಂದಿನ ಸೀಟಿನ ಬೆನ್ನ ಹಿಂದೆ ಡಿಕ್ಕಿಯನ್ನು ಮೇಲಿನಿಂದ ಮುಚ್ಚುವ ಹಲಗೆ) 295 ಲೀಟರ್, ಚಾವಣಿಯವರೆಗೆ 364 ಲೀಟರ್. ಟಾಟಾ ನೆಕ್ಸಾನ್‌ಗೆ 382, ಮಾರುತಿ ಬ್ರೆಜ್ಜಾಗೆ 328 ಲೀಟರ್ ಎಂದಿದೆ. ಎರಡರ ಉದ್ದವೂ 3,995 ಮಿ.ಮೀ. ಆದ್ದರಿಂದ ಯಾವುದೇ ಎರಡು ಸಂಖ್ಯೆಗಳನ್ನು ಹೋಲಿಸುವ ಮೊದಲು, ಅವು ಒಂದೇ ಎತ್ತರದವರೆಗಿನ ಅಳತೆಗಳೇ ಎಂಬುದನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಈ ನಾಲ್ಕು ಮೀಟರಿನ ಗಡಿ ತೆರಿಗೆಯಿಂದ ಬಂದದ್ದು. 2006ರ ಕೇಂದ್ರ ಬಜೆಟ್ ಚಿಕ್ಕ ಕಾರುಗಳ ಅಬಕಾರಿ ಸುಂಕವನ್ನು ಇಳಿಸಿದಂದಿನಿಂದ, 4,000 ಮಿ.ಮೀ. ಒಳಗೇ ಎಂಜಿನ್, ಐದು ಆಸನ, ಡಿಕ್ಕಿ ಎಲ್ಲವನ್ನೂ ಹೊಂದಿಸುವ ಒತ್ತಡ ತಯಾರಕರ ಮೇಲಿದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಶೇ 18ರ ಜಿಎಸ್‌ಟಿಗೂ ಅದೇ ಮಿತಿ ಉಳಿದಿದೆ. ಹಿಂದಿನ ಸೀಟಿನವರ ಮೊಣಕಾಲಿಗೆ ಜಾಗ ಹೆಚ್ಚಿಸಿದರೆ ಸಾಮಾನ್ಯವಾಗಿ ಡಿಕ್ಕಿಯ ಆಳ ತಗ್ಗುತ್ತದೆ.

ಈಗ ಕುರ್ಚಿಯ ವಿಷಯಕ್ಕೆ ಬರೋಣ. ಸಾಮಾನ್ಯ ಗಾಲಿಕುರ್ಚಿಯನ್ನು ಮಡಚಿದಾಗ ದಪ್ಪ ಸುಮಾರು 30 ಸೆಂ.ಮೀ., ಹಿಡಿಕೆಯವರೆಗಿನ ಎತ್ತರ ಸುಮಾರು 90 ಸೆಂ.ಮೀ. ಇರುತ್ತದೆ; ಕುರ್ಚಿಯ ಉದ್ದವು, ಕಾಲಿಡುವ ಪಟ್ಟಿಗಳಿದ್ದರೆ ಒಂದು ಮೀಟರಿನಷ್ಟಾಗಿ, ಅವನ್ನು ಕಳಚಿದರೆ 80 ಸೆಂ.ಮೀ. ಆಸುಪಾಸಿಗೆ ಇಳಿಯುತ್ತದೆ. ಈ ವರ್ಗದ ಕಾರುಗಳಲ್ಲಿ ಸೀಟಿನ ಬೆನ್ನಿನಿಂದ ಹಿಂಬಾಗಿಲಿನವರೆಗೆ ಮುಕ್ಕಾಲು ಮೀಟರಿಗಿಂತ ಹೆಚ್ಚು ಜಾಗ ಸಿಗುವುದು ಕಷ್ಟವಾದ್ದರಿಂದ, ಕುರ್ಚಿಯನ್ನು ಮಲಗಿಸಲು ಬಹುತೇಕ ಆಗುವುದಿಲ್ಲ. ಅದನ್ನು ಅಡ್ಡಲಾಗಿ, ಚಕ್ರಗಳ ಮೇಲೆಯೇ, ಸೀಟಿನ ಬೆನ್ನಿಗೆ ಒತ್ತಿ ನಿಲ್ಲಿಸಬೇಕಾಗುತ್ತದೆ. ಪಾರ್ಸೆಲ್ ಟ್ರೇ ತೆಗೆಯದೆ ಹೀಗೆ ನಿಲ್ಲಿಸಲಾಗದು. ಹಿಡಿಕೆಯ ಭಾಗ ಹಿಂದಕ್ಕೆ ಮಡಚುವಂತಿದ್ದರೆ ಎತ್ತರದ ತೊಂದರೆ ಬಹಳಷ್ಟು ತಗ್ಗುತ್ತದೆ. ಕುರ್ಚಿಗೂ ಹಿಂಬಾಗಿಲಿಗೂ ನಡುವೆ ಉಳಿಯುವ 35–40 ಸೆಂ.ಮೀ. ಪಟ್ಟಿಯಲ್ಲಿ ಬಟ್ಟೆಯ ಮೆತ್ತನೆಯ ಬ್ಯಾಗುಗಳು ಹೊಂದಿಕೊಳ್ಳುತ್ತವೆ. ಗಟ್ಟಿ ಸೂಟ್‌ಕೇಸ್ ಹೊಂದುವುದು ಕಷ್ಟ.

ಆದ್ದರಿಂದ ದಯವಿಟ್ಟು ಗಾಲಿಕುರ್ಚಿಯನ್ನೇ ಶೋರೂಮಿಗೆ ಒಯ್ಯಿರಿ. ಹಿಂಬಾಗಿಲಿನ ತೆರವು ಕೆಳಗಡೆ ಎಷ್ಟು ಅಗಲವಿದೆ, ಚಕ್ರದ ಉಬ್ಬುಗಳ ನಡುವೆ ಎಷ್ಟಿದೆ, ಬಂಪರಿನ ಮೇಲಿನ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಟೇಪಿನಲ್ಲಿ ಅಳೆಯಿರಿ. ಈ ಕೊನೆಯ ಅಳತೆಯನ್ನು ಬಹಳ ಮಂದಿ ಮರೆಯುತ್ತಾರೆ. ಹದಿನೈದರಿಂದ ಇಪ್ಪತ್ತು ಕೆ.ಜಿ. ತೂಗುವ ಕುರ್ಚಿಯನ್ನು ಪ್ರತಿ ನಿಲುಗಡೆಯಲ್ಲೂ ತೊಡೆಯೆತ್ತರಕ್ಕೆ ಎತ್ತಿ ಒಳಗಿಡುವವರ ಬೆನ್ನಿಗೆ ಆ ಅಂಚು ಕೆಳಗಿದ್ದಷ್ಟೂ ಒಳ್ಳೆಯದು. ಆರೈಕೆ ಮಾಡುವವರೇ ಸೊಂಟ ಹಿಡಿದು ಕೂತರೆ ಮನೆ ನಡೆಯುವುದಿಲ್ಲ. ಕುರ್ಚಿಯನ್ನು ಎತ್ತಿಡಬೇಕಾದವರೇ ಅಲ್ಲಿ ಒಮ್ಮೆ ಎತ್ತಿ ನೋಡಲಿ.

ಕಿಯಾ ಸೈರೋಸ್‌ನ ಕೆಲವು ಮಾದರಿಗಳಲ್ಲಿ ಹಿಂದಿನ ಸೀಟನ್ನು ಮುಂದೆ ಸರಿಸಬಹುದು. ಆಗ ಡಿಕ್ಕಿ 390 ಲೀಟರಿನಿಂದ 465 ಲೀಟರಿಗೆ ಹಿಗ್ಗುತ್ತದೆ. ನಿಮ್ಮಂಥ ಕುಟುಂಬಕ್ಕೆ ಈ ಸೌಲಭ್ಯ ಸನ್‌ರೂಫಿಗಿಂತ ಹೆಚ್ಚು ಬೆಲೆಯುಳ್ಳದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ನಾಲ್ವರೇ ಹೋಗುವ ದಿನ, ಹಿಂದಿನ ಸೀಟು 60:40 ಪ್ರಮಾಣದ ಎರಡು ಭಾಗಗಳಾಗಿ ಮಡಚುವ ಕಾರಿನಲ್ಲಿ ಚಿಕ್ಕ ಭಾಗವನ್ನು ಮಡಚಿ ಕುರ್ಚಿಯನ್ನು ಉದ್ದಕ್ಕೆ ತೂರಿಸಬಹುದು. ಹೇಗಿಟ್ಟರೂ ಅದನ್ನು ಡಿಕ್ಕಿಯ ಕೊಕ್ಕೆಗಳಿಗೆ ಪಟ್ಟಿಯಿಂದ ಬಿಗಿಯಿರಿ. ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಏಕಾಏಕಿ ಬ್ರೇಕ್ ಹಾಕಿದರೆ, ಸಡಿಲವಾಗಿರುವ ಕುರ್ಚಿ ಹಿಂದೆ ಕುಳಿತವರ ತಲೆಗೇ ಬರುತ್ತದೆ.

ಪ್ರಶ್ನೆ: ಸಿಎನ್‌ಜಿ ಕಾರು ಕೊಂಡು, ಸಾಮಾನುಗಳಿಗೆ ಮೇಲೊಂದು ಕ್ಯಾರಿಯರ್ ಹಾಕಿಸಿದರೆ ಸಾಲದೇ?
– ಓದುಗರೊಬ್ಬರು, ತುಮಕೂರು

ಉತ್ತರ: ಸಿಲಿಂಡರ್ ಹೇಗೆ ಕೂತಿದೆ ಎಂಬುದರ ಮೇಲೆ ಅದು ನಿಂತಿದೆ. ಬ್ರೆಜ್ಜಾ ಸಿಎನ್‌ಜಿಯಲ್ಲಿ 55 ಲೀಟರಿನ ಒಂದೇ ಸಿಲಿಂಡರ್ ಡಿಕ್ಕಿಯ ಬಹುಭಾಗವನ್ನು ನುಂಗಿಬಿಡುತ್ತದೆ. ನೆಕ್ಸಾನ್ ಸಿಎನ್‌ಜಿಯಲ್ಲಿ ಎರಡು ಚಿಕ್ಕ ಸಿಲಿಂಡರುಗಳನ್ನು ನೆಲದಡಿ ಅಳವಡಿಸಿರುವುದರಿಂದ 321 ಲೀಟರ್ ಉಳಿಯುತ್ತದೆ. ಅಂಥ ಕಾರುಗಳಲ್ಲಿ ಸ್ಟೆಪ್ನಿ ಎಲ್ಲಿದೆ, ಇದೆಯೋ ಇಲ್ಲವೋ ಎಂದು ಮೊದಲೇ ವಿಚಾರಿಸಿ. ಕ್ಯಾರಿಯರಿನ ಮೇಲೆ ಹಗುರವಾದ, ನೆನೆದರೂ ಕೆಡದ ವಸ್ತುಗಳನ್ನಷ್ಟೇ ಇಡಿ. ಕೆಲವು ಕಾರುಗಳ ರೂಫ್ ರೈಲುಗಳು (ಚಾವಣಿಯ ಮೇಲಿನ ಉದ್ದನೆಯ ಕಂಬಿಗಳು) ಬರೀ ಅಲಂಕಾರದವು, ಭಾರ ಹೊರುವಂಥವಲ್ಲ, ಎಷ್ಟು ಕೆ.ಜಿ. ಹೊರಬಲ್ಲವು ಎಂಬುದನ್ನು ಮಾಲೀಕರ ಕೈಪಿಡಿಯಲ್ಲಿ ನೋಡಿ, ಕ್ಯಾರಿಯರಿನ ತೂಕವನ್ನೂ ಅದರೊಳಗೇ ಲೆಕ್ಕ ಹಾಕಿ.